ಸಾಮಾನಿನ ಜೊತೆ ಹೋದ ಆಯಿ

ಆ ಮಾತು ಅಂದವನು ನಾನು. ತಪ್ಪನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ.

ತಂಗಿಯ ಮದುವೆ ಮುಗಿದು ಕಳಿಸಿಕೊಡುವ ಹೊತ್ತು. ನಾಸಿಕದಲ್ಲಿ ನಮ್ಮ ಗಲ್ಲಿಯ ಹತ್ತಿರವೇ ಒಂದು ಸಣ್ಣ ಹಾಲ್ ಹಿಡಿದಿದ್ದೆವು. ಗಂಡಿನ ಮನೆ ಸಂಭಾಜಿನಗರದಲ್ಲಿ, ಅಂದರೆ ಮೊದಲಿನ ಔರಂಗಾಬಾದಿನಲ್ಲಿ, ಚಿಕಲಠಾಣಾ ಕಡೆ. ಹುಡುಗ ಅಲ್ಲೇ ಒಂದು ಕಾರ್ಖಾನೆಯಲ್ಲಿ ಮಷೀನ್ ನಡೆಸುತ್ತಾನೆ. ಅವರೂ ನಮ್ಮ ಹಾಗೆ ಬೀದರ್ ಜಿಲ್ಲೆಯಿಂದ ಬಂದವರು, ಮನೆಯಲ್ಲಿ ಕನ್ನಡ. ಹೂವು ಕಟ್ಟಿದ ಕಾರು ಬಾಗಿಲಲ್ಲಿ ನಿಂತಿತ್ತು. ತಂಗಿ ಆಯಿಯ ಸೆರಗು ಹಿಡಿದುಕೊಂಡವಳು ಬಿಡುತ್ತಿಲ್ಲ.

ಆಯಿ ಅಂದರೆ ಅಪ್ಪನ ತಾಯಿ. ಅವ್ವ ದಿನಾ ನಿಫಾಡ್ ಕಡೆ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ನನ್ನನ್ನೂ ತಂಗಿಯನ್ನೂ ಎತ್ತಿ ಬೆಳೆಸಿದವಳು ಆಯಿ.

"ಆಯಿನ್ನ ಬಿಟ್ಟು ನಾ ಹೋಗಂಗಿಲ್ಲ," ಅಂತ ತಂಗಿ ಜೋರಾಗಿ ಅತ್ತಳು.

ಗಂಡಿನ ಕಡೆಯವರು ಗಡಿಯಾರ ನೋಡುತ್ತಿದ್ದರು. ನನಗೆ ಇಂಥ ಅಳು ಸೇರುವುದಿಲ್ಲ. ನಾನು ಟೆಂಪೋ ಓಡಿಸುವವನು. ಮದುವೆ ಸಾಮಾನು ಹೊತ್ತು ಹೊತ್ತು ಇಂಥ ಅಳು ಬೇಕಾದಷ್ಟು ನೋಡಿದ್ದೇನೆ.

"ಸುಮ್ಮ ಕಾರ್‌ನಾಗ ಕೂಡು," ಅಂದೆ. "ನಾಳಿ ಮುಂಜಾನಿ ನಿನ್ನ ಸಾಮಾನ ತರ್ತೀನಲ್ಲ, ಆಯಿನ್ನೂ ಅದರ ಜೋಡೀನೇ ಹಾಕ್ಕೊಂಡು ಬರ್ತೀನಿ. ಆಂದಣದಾಗ ಆಯಿನ್ನೂ ಕೊಟ್ಟೀವಿ, ಹೋಗು."

ಹುಡುಗಿಯ ಜೊತೆ ತವರಿನವರು ಕಳಿಸುವ ಬಳುವಳಿಗೆ ಈ ಕಡೆ ಆಂದಣ ಅನ್ನುತ್ತಾರೆ. ಕಪಾಟು, ಗಾದಿ, ಭಾಂಡೆ, ಹಂಡೆ. ಮರಾಠಿ ಮಾತು, ನಮ್ಮ ಮನೆಯಲ್ಲೂ ಅದೇ ನಡೆಯುತ್ತದೆ. ಎಲ್ಲರೂ ಗೊಳ್ ಅಂತ ನಕ್ಕರು. ತಂಗಿ ಕೂಡ ಮೂಗು ಒರೆಸಿಕೊಂಡು ನಕ್ಕಳು, ಸೆರಗು ಬಿಟ್ಟಳು, ಕಾರು ಹತ್ತಿದಳು. ಅಪ್ಪ ಮಾತ್ರ ನನ್ನ ಕಡೆ ಹೇಗೆ ನೋಡಿದ ಅಂದರೆ, ಮಂದಿ ಇರದಿದ್ದರೆ ಕಪಾಳಕ್ಕೆ ಬಿಡುತ್ತಿದ್ದ. ಯಾಕೆ ಅಂತ ನನಗೆ ತಿಳಿಯಲಿಲ್ಲ. ಆಯಿ ನಕ್ಕಳೋ ಇಲ್ಲವೋ, ನಾನು ನೋಡಲೇ ಇಲ್ಲ.

ಈಗ ಆಯಿ ಇಲ್ಲ. ಹೋಗಿ ಎರಡು ವರ್ಷ ಆಯಿತು. ಯಾರ ಮದುವೆಯ ಸಾಮಾನು ಹೇರಿದರೂ ಟೆಂಪೋದ ಹಿಂದಿನ ಫಾಳಕಾ, ಅಂದರೆ ಹಿಂಬದಿಯ ಬಾಗಿಲು, ಹಾಕುವ ಮುಂಚೆ ನಾನು ಒಳಗೆ ಕೈಯಾಡಿಸಿ ನೋಡುತ್ತೇನೆ. ಕಪಾಟಿನ ಹಿಂದೆ, ಗಾದಿಯ ಸಂದಿಯಲ್ಲಿ. ಜೊತೆಗೆ ಬರುವ ಹಮಾಲರು, "ಏನ್ ಹುಡುಕ್ತಿ ಲೇ, ಬೆಕ್ಕು ಕುಂತದ ಏನು?" ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ.

ಆಯಿಯ ಕೆಲವು ನಡೆಗಳು ನಮಗೆ ಚಿಕ್ಕಂದಿನಿಂದ ಗೊತ್ತಿದ್ದವು. ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದಳು, ಗೋಡೆಗೆ ಮುಖ ಮಾಡಿ, ಯಾರೋ ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ ಗಬಗಬ. ರಾತ್ರಿ ನಿದ್ದೆಯಲ್ಲಿ ಎದ್ದು ಕೂತು, "ಬಂದೆ, ಬಂದೆ" ಅನ್ನುತ್ತಿದ್ದಳು. ಕಣ್ಣು ಮುಚ್ಚಿಯೇ ಇರುತ್ತಿದ್ದವು. ನಾನು ಅವಳ ಪಕ್ಕ ಮಲಗುವವನು, ಮೊದಲು ಹೆದರುತ್ತಿದ್ದೆ, ಆಮೇಲೆ ರೂಢಿಯಾಯಿತು. "ಯಾರೂ ಕರದಿಲ್ಲ, ಮಲಕ್ಕೊ," ಅನ್ನುತ್ತಿದ್ದೆ. ಮಲಗುತ್ತಿದ್ದಳು. ಮುದುಕರು ಹೀಗೇ ಇರುತ್ತಾರೆ ಅಂದುಕೊಂಡಿದ್ದೆವು. ಅವಳು ಸತ್ತ ಮೇಲೆ ಒಂದು ಮಧ್ಯಾಹ್ನ ಅವ್ವ ನನ್ನನ್ನು ಊಟಕ್ಕೆ ಕೂಗಿದಾಗ, ನಾನು ಬಾಯಿ ಬಿಡುವ ಮುಂಚೆಯೇ ಒಳಕೋಣೆಯಿಂದ "ಬಂದೆ" ಅಂತ ಕೇಳಿಸಿತು. ಅವ್ವನಿಗೂ ಕೇಳಿಸಿತು.

ಆಯಿ ಯಾವ ಮನೆತನದವಳು ಅಂತ ಹೆಣ್ಣು ನೋಡಲು ಬಂದಾಗ ಗಂಡಿನ ತಾಯಿ ಕೇಳಿದ್ದಳು. ಅಪ್ಪ, "ಬೀದರ್ ಕಡಿ ಹೊಲಾ ಮನಿ ಇದ್ದವ್ರು, ಗೌಡ್ರ ಪೈಕಿ," ಅಂತ ಹೇಳಿದ. ನನಗೂ ಅಷ್ಟೇ ಗೊತ್ತಿತ್ತು. ಆಯಿ ಒಳಗೆ ಚಹಾ ಸೋಸುತ್ತಿದ್ದಳು, ಕೇಳಿಸಿಕೊಂಡಳು, ಹೊರಗೆ ಬರಲಿಲ್ಲ.

ಮದುವೆಯ ಮರುದಿನ ಬೆಳಿಗ್ಗೆ ನಾನೂ ಗಲ್ಲಿಯ ದೋಸ್ತನೂ ಸಾಮಾನು ಹೇರಿದೆವು. ಕಪಾಟು ಮೊದಲು, ಆಮೇಲೆ ಗಾದಿ, ಭಾಂಡೆಯ ಚೀಲಗಳು. ಹಗ್ಗ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ದೋಸ್ತ ಹೊಟ್ಟೆ ಹಿಡಿದು ನಗುತ್ತಿದ್ದ.

"ಅರೇ, ಆಜೀ ಪಣ ಪಾರ್ಸಲ್!" ಅಂದ. ಅಜ್ಜಿಯೂ ಪಾರ್ಸಲ್ ಅಂತ.

ಆಯಿ ಹಿತ್ತಾಳೆಯ ಹಂಡೆಯ ಮೇಲೆ ಕಾಲಿಟ್ಟು ಹತ್ತಿದ್ದಳು. ಕಪಾಟಿಗೂ ಗಾದಿಗೂ ನಡುವೆ ಮೊಣಕಾಲು ಮಡಚಿಕೊಂಡು ಕೂತಿದ್ದಳು. ಹಿಂದಿನ ದಿನದ ಹೊಸ ಸೀರೆ ಮೈಮೇಲೆ ಇರಲಿಲ್ಲ, ಕೆಲಸದ ಹಳೆ ಸೀರೆ ಉಟ್ಟಿದ್ದಳು. ಕಿವಿಯ ಓಲೆ ಇರಲಿಲ್ಲ. ಆಮೇಲೆ ಅವ್ವನಿಗೆ ಅವು ಅಡುಗೆಮನೆಯ ಹಲಗೆಯ ಮೇಲೆ ಸಿಕ್ಕವು. ಹೊಸ ಸೀರೆ ಮಡಚಿಟ್ಟು, ಅದರ ಮೇಲೆ ಓಲೆ, ಅದರ ಪಕ್ಕ ಅವಳ ಚಷ್ಮಾ. ಮನೆಯದ್ದು ಅಂತ ಏನಿತ್ತೋ ಎಲ್ಲ ಬಿಟ್ಟಿದ್ದಳು.

"ಆಯಿ, ಇಳಿ ಕೆಳಗ," ಅಂದೆ.

"ಬಿಸಲು ಏರೂದ್ರೊಳಗ ಬಿಡಬೇಕು. ಎತ್ತು ದಣೀತಾವ."

"ಯಾವ ಎತ್ತು? ತಂಗಿ ಮನಿಗಿ ಬರಬೇಕಂದ್ರ ಮುಂದ ಬಂದು ಕೂಡು. ಸೀಟ್ ಖಾಲಿ ಅದ."

"ಅಲ್ಲಿ ನನಗ ಜಾಗಾ ಇಲ್ಲ."

"ಇಷ್ಟ್ ದೊಡ್ಡ ಜಾಗಾ ಅದ, ಬಾ ಬೇ!"

ಬರಲಿಲ್ಲ. ಗದ್ದಲ ಕೇಳಿ ಅಪ್ಪ ಹೊರಗೆ ಬಂದ. ಒಂದು ಸಲ ಟೆಂಪೋದೊಳಗೆ ನೋಡಿದ. ಅವನ ಮುಖ ಆ ಥರ ಆಗಿದ್ದು ನಾನು ಮುತ್ತ್ಯಾ, ಅಂದರೆ ಅಪ್ಪನ ಅಪ್ಪ, ಸತ್ತ ದಿನವೂ ನೋಡಿರಲಿಲ್ಲ.

"ಇಳಸ ಆಕಿನ್ನ," ಅಂದ ಹಲ್ಲು ಕಚ್ಚಿ. "ಮಂದಿ ನೋಡ್ಲಕತ್ತಾರ."

ತಾನೇ ಕೈ ಹಾಕಿ ಅವಳ ರಟ್ಟೆ ಹಿಡಿದು ಎಳೆದ. ಆಯಿ ಕಪಾಟಿನ ಹಗ್ಗಕ್ಕೆ ಜೋತುಬಿದ್ದಳು. ಮುಖ ಮೇಲೆ ಎತ್ತದೆ, ಬೇರೆಯದೇ ದನಿಯಲ್ಲಿ, "ಹೊಡೀಬ್ಯಾಡ್ರಿ, ಹೋಗ್ಲಕತ್ತೀನಿ. ಅಳಂಗಿಲ್ಲರಿ, ಹೋಗ್ಲಕತ್ತೀನಿ," ಅಂದಳು. ತನ್ನ ಮಗನಿಗೆ. ಅಪ್ಪ ಬೆಂಕಿ ಮುಟ್ಟಿದವನ ಹಾಗೆ ಕೈ ತೆಗೆದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅವ್ವ ಬಂದು ನೋಡಿದಳು. ಅವಳಿಗೂ ಏನೂ ಗೊತ್ತಿರಲಿಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು. "ಹುಡುಗಿ ಮ್ಯಾಲ ಜೀವ ಆಕಿದು," ಅಂದಳು. "ಕರಕೊಂಡು ಹೋಗು. ಒಂದಿನ ಕಣ್ತುಂಬ ನೋಡಿದ್ರ ನಾಳಿ ತಾನೇ ನಿನ್ನ ಜೋಡಿ ಬರ್ತಾಳ. ವಯಸ್ಸಾಗ್ಯಾದ, ಈಗೀಗ ಆಕಿಗಿ ನೆಪ್ಪ ನಿಲ್ಲವಲ್ದು."

ಸರಿ ಅಂತ ಸಾಮಾನಿನ ಮೇಲೆ ಹೊದಿಸಿದ ತಾಡಪತ್ರಿಯನ್ನು ಅವಳ ಕಡೆ ಸ್ವಲ್ಪ ಎತ್ತಿ ಕಟ್ಟಿದೆ, ಗಾಳಿ ಆಡಲಿ ಅಂತ. ಫಾಳಕಾ ಹಾಕಿದೆ. ಅದು ಬಿದ್ದ ಸದ್ದಿಗೆ ಅವಳು ಕಣ್ಣು ಮುಚ್ಚಿಕೊಂಡಳು.

ನಿಫಾಡಿನಲ್ಲಿ ಚಹಾಕ್ಕೆ ನಿಲ್ಲಿಸಿದೆ. ಗ್ಲಾಸು ಹಿಡಿದು ಹಿಂದೆ ಹೋದರೆ ಆಯಿ ಕಾಣಿಸಲಿಲ್ಲ. ನೋಡಿದರೆ ಗಾದಿಯನ್ನು ಮೈಮೇಲೆ ಎಳೆದುಕೊಂಡು ಅಡಗಿದ್ದಳು.

"ಇಲ್ಲಿ ನಿಲ್ಲಸಬ್ಯಾಡ," ಅಂದಳು ಒಳಗಿನಿಂದಲೇ. "ಬಾಯಿಸಾಬ್ ನೋಡಿದ್ರ ವಾಪಸ್ ಎಳಕೋತಾಳ."

"ಯಾವ ಬಾಯಿಸಾಬ್?"

ಬಾಯಿಸಾಬ್ ಅಂದರೆ ದೊಡ್ಡ ಮನೆಯ ಒಡತಿ, ನಮಗೆ ಅಂಥವರು ಯಾರೂ ಗೊತ್ತಿರಲಿಲ್ಲ. ಚಹಾ ನಾನೇ ಕುಡಿದೆ. ಅಲ್ಲಿಂದ ಸಂಭಾಜಿನಗರದವರೆಗೆ ಕನ್ನಡಿಯಲ್ಲಿ ರಸ್ತೆಗಿಂತ ಹೆಚ್ಚು ತಾಡಪತ್ರಿಯನ್ನೇ ನೋಡಿದೆ. ಗುಂಡಿಗೆ ಗಾಲಿ ಬಿದ್ದಾಗಲೆಲ್ಲ ಭಾಂಡೆ ಸದ್ದು ಮಾಡುತ್ತಿದ್ದವು. ಅವಳ ದನಿ ಒಂದು ಸಲವೂ ಬರಲಿಲ್ಲ.

ಬೀಗರ ಮನೆ ಮುಟ್ಟುವಾಗ ಮಧ್ಯಾಹ್ನ ಊಟದ ಹೊತ್ತು. ಎರಡನೇ ದಿನದ ಪೂಜೆ ಇತ್ತು, ಮನೆ ತುಂಬ ಹೆಂಗಸರು. ನಾಲ್ಕು ಜನ ಗಂಡಸರು ಬಂದು ನನ್ನ ಜೊತೆ ಕಪಾಟು ಎತ್ತಿದರು. ಕಪಾಟು ಮೆಟ್ಟಿಲಲ್ಲಿ ಸಿಕ್ಕಿಕೊಂಡಿತು, ತಿರುಗಿಸಿ ಮುರುಗಿಸಿ ಮಾಳಿಗೆಗೆ ಏರಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಆಯಿ ಒಳಗೆ ತಂಗಿಯ ಹತ್ತಿರ ಹೋಗಿರುತ್ತಾಳೆ ಅಂತ ನಾನು ಸುಮ್ಮನಿದ್ದೆ.

ಕೆಳಗೆ ಬಂದಾಗ ಅಂಗಳದ ಮೂಲೆಯ ಮೋರಿಯ ಹತ್ತಿರ ಕೂತು ಎಂಜಲು ತಾಟು ತಿಕ್ಕುತ್ತಿದ್ದಳು. ಆಳುಗಳು ಹೋಗುವ ಹಿಂದಿನ ಬಾಗಿಲು ಎಲ್ಲಿ ಅಂತ ಮನೆಯ ಸುತ್ತ ಎರಡು ಸುತ್ತು ಹಾಕಿದಳಂತೆ, ಆ ಮನೆಗೆ ಹಿಂದಿನ ಬಾಗಿಲೇ ಇಲ್ಲ. ಮೋರಿ ಕಂಡ ಕೂಡಲೇ ಕೂತುಬಿಟ್ಟಿದ್ದಳು. ಅವಳ ಪಕ್ಕ ತಾಟುಗಳ ರಾಶಿ ಬೆಳೆಯುತ್ತಿತ್ತು. ಹಸಿರು ರೇಷ್ಮೆ ಸೀರೆಯ ಹೆಂಗಸೊಬ್ಬಳು ಇನ್ನಷ್ಟು ತಂದು ಸುರಿದಳು.

"ಇವೂ ತಿಕ್ಕಬೇ," ಅಂದು, ಒಳಗೆ ತಿರುಗಿ ಕೂಗಿದಳು. "ಛಲೋ ಬೀಗರು ಸಿಕ್ಕಾರ ನೋಡ್ರಿ ನಿಮಗ! ಭಾಂಡಿ ಕೊಟ್ಟಾರ, ತಿಕ್ಕೂದಕ ಬಾಯಿನೂ ಕೊಟ್ಟಾರ!"

ಬಾಯಿ ಅಂದರೆ ಮನೆಗೆಲಸದವಳು. ಎಲ್ಲರೂ ನಕ್ಕರು. ಹಿಂದಿನ ದಿನ ನನ್ನ ಮಾತಿಗೆ ನಕ್ಕ ಹಾಗೆಯೇ.

ನಗು ಕೇಳಿ ತಂಗಿ ಹೊರಗೆ ಇಣುಕಿದಳು. ನೋಡಿದವಳೇ ಹೊಸ ಸೀರೆಯಲ್ಲೇ ಓಡಿ ಬಂದು ಆಯಿಯ ಕೈಯಿಂದ ತಾಟು ಕಿತ್ತುಕೊಂಡಳು. "ಆಕಿ ಭಾಂಡಿ ತಿಕ್ಕಾಕಿ ಅಲ್ರಿ! ನಮ್ಮ ಆಯಿ ಆಕಿ!"

ಹಸಿರು ಸೀರೆಯವಳು ಬಾಯಿಗೆ ಸೆರಗು ಇಟ್ಟುಕೊಂಡಳು. ಆಯಿ ಮಾತ್ರ ತಂಗಿಯ ಮುಖವನ್ನು ಗುರುತು ಇಲ್ಲದವಳ ಹಾಗೆ ನೋಡಿ, ಎದ್ದು, ಎರಡು ಹೆಜ್ಜೆ ಹಿಂದೆ ಸರಿದಳು.

"ಒಳಗ ಹೋಗ್ರಿ ಬಾಯಿಸಾಬ್. ಸೀರಿ ಹೊಲಸ ಆಗ್ತದ. ನಾ ತಿಕ್ಕತೀನಿ."

ತಂಗಿ ನನ್ನ ಕಡೆ ತಿರುಗಿದಳು. ಬೀಗತಿ, ಅಂದರೆ ತಂಗಿಯ ಅತ್ತೆ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಗೌಡ್ರ ಪೈಕಿ ಅಂದಿದ್ರಿ," ಅಂದಳು ನನಗೆ. ಅಷ್ಟೇ ಅಂದಳು. ಅದು ಸಾಕಾಗಿತ್ತು.

ಆಯಿ ಒಳಗೆ ಬರಲಿಲ್ಲ. ಎಳೆದರೆ ನಡುಗುತ್ತಿದ್ದಳು. ತಂಗಿ ತಾಟಿನಲ್ಲಿ ಊಟ ಕೊಟ್ಟರೆ ಮುಟ್ಟಲಿಲ್ಲ, ಎಲ್ಲರದ್ದೂ ಮುಗಿದ ಮೇಲೆ ಉಳಿದಿದ್ದನ್ನು ಕೈಯಲ್ಲಿ ಇಸಿದುಕೊಂಡು ಗೋಡೆಯ ಕಡೆ ತಿರುಗಿ ತಿಂದಳು. ನಾಳೆ ವಾಪಸು ಹೋಗೋಣ ಅಂದರೆ ತಲೆ ಅಲ್ಲಾಡಿಸುತ್ತಿದ್ದಳು. "ಕೊಟ್ಟಿದ್ದು ವಾಪಸ ಹೋಗಂಗಿಲ್ಲಪ್ಪ," ಅಂದಳು. "ಹಂಡೆ ವಾಪಸ ಹೋಗ್ತದೇನು?"

ಸಂಜೆ ನಾನು ರಸ್ತೆಯ ಆ ಕಡೆ ಹೋಗಿ ಅಪ್ಪನಿಗೆ ಫೋನ್ ಹಚ್ಚಿದೆ. ನಡೆದಿದ್ದೆಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಬೀಗತಿ ನೋಡಿದ್ಲಾ?"

"ಊರೇ ನೋಡ್ಯಾದ. ಈಗ ಹೇಳು, ಏನ್ ಅದ ಇದು?"

ಆಗ ಹೇಳಿದ. ನಡುನಡುವೆ ನಿಲ್ಲಿಸುತ್ತಿದ್ದ, ಇಟ್ಟುಬಿಟ್ಟನೇನೋ ಅಂತ ನಾನು ಹಲೋ ಹಲೋ ಅನ್ನಬೇಕಾಗುತ್ತಿತ್ತು.

ಆಯಿಯ ಅವ್ವ ಬೀದರ್ ಕಡೆಯ ಒಬ್ಬ ಗೌಡರ ಮನೆಯ ಆಳುಮಗಳು. ಅಪ್ಪ ನಮ್ಮ ಬೀಗರಿಗೆ ಹೇಳಿದ ಗೌಡರು ಅವರೇ. ಗೌಡರ ಮಗಳನ್ನು ಎಲ್ಲೋರಾ ಗುಹೆಗಳಿರುವ ವೇರೂಳ್ ಹತ್ತಿರದ ಒಂದು ವಾಡೆಗೆ, ದೊಡ್ಡ ಜಮೀನ್ದಾರರ ಮನೆಗೆ, ಕೊಟ್ಟಾಗ ಹಂಡೆ, ಹಾಸಿಗೆ, ಎರಡು ಹಸು ಕಳಿಸಿದರು, ಆಯಿಯ ಅವ್ವನನ್ನೂ ಕಳಿಸಿದರು. ಆ ವಾಡೆಯ ದನದ ಕೊಟ್ಟಿಗೆಯಲ್ಲಿ ಆಯಿ ಹುಟ್ಟಿದಳು. ತಂದೆ ಯಾರು ಅಂತ ಯಾರೂ ಹೇಳಲಿಲ್ಲ, ವಾಡೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಳಿನ ಹೊಟ್ಟೆಯಲ್ಲಿ ಹುಟ್ಟಿದ್ದು ವಾಡೆಯದ್ದು, ಕರು ಇದ್ದ ಹಾಗೆ. ಆಯಿಗೆ ಎಂಟೋ ಒಂಬತ್ತೋ ಆದಾಗ ವಾಡೆಯ ಮಗಳ ಮದುವೆ ಆಯಿತು, ನಿಫಾಡಿಗೆ. ಬೆಳಿಗ್ಗೆ ಎತ್ತಿನ ಗಾಡಿಗೆ ಸಾಮಾನು ಹೇರಿದರು, ಆಯಿಯನ್ನು ಎತ್ತಿ ಹಂಡೆಯ ಪಕ್ಕ ಕೂರಿಸಿದರು. ಅವಳ ಅವ್ವ ಗಾಡಿಯ ಹಿಂದೆ ಓಡಿ ಬಂದಳಂತೆ. ಯಾರೋ ಹಿಡಿದು ನಿಲ್ಲಿಸಿದರಂತೆ. ಅಷ್ಟೇ, ಮತ್ತೆ ಅವಳನ್ನು ಆಯಿ ನೋಡಲಿಲ್ಲ.

ಆ ಮದುವಣಗಿತ್ತಿಗೂ ಆಯಿಗೂ ತಂದೆ ಒಬ್ಬನೇ ಇರಬೇಕು. ಅಪ್ಪ ಅದನ್ನು ಹೇಳಲಿಲ್ಲ. ನಾನೇ ಕೂಡಿಸಿಕೊಂಡೆ.

ನಿಫಾಡಿನ ವಾಡೆಯಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಅವ್ವನ ಭಾಷೆ ಮರೆತುಹೋಗಬಾರದು ಅಂತ ಆಯಿ ಎಮ್ಮೆಗಳ ಜೊತೆ ಮಾತಾಡುತ್ತಿದ್ದಳು. ನಮ್ಮ ಮುತ್ತ್ಯಾ ಬೀದರ್ ಕಡೆಯಿಂದ ಬಾವಿ ತೋಡುವ ಕೆಲಸಕ್ಕೆ ಬಂದವನು. ಕೊಟ್ಟಿಗೆಯ ಗೋಡೆಯ ಹಿಂದಿನಿಂದ ಆ ಮಾತು ಕೇಳಿ, "ನಮ್ಮೂರ ಮಾತ ಈ ಎಮ್ಮಿಗಿ ಯಾರ್ ಕಲಿಸ್ಯಾರ?" ಅಂದನಂತೆ. ಈ ಮಾತನ್ನು ಮುತ್ತ್ಯಾ ನಮಗೂ ಹೇಳಿ ನಗಿಸುತ್ತಿದ್ದ. ಉಳಿದಿದ್ದನ್ನು ಹೇಳಿರಲಿಲ್ಲ. ಅವನು ಬಾ ಅಂದರೆ ಆಯಿ ಹೊರಡಲಿಲ್ಲ. ಯಾರ ಜೊತೆ ಕೊಟ್ಟಿದ್ದಾರೋ ಅವಳು ಬಾಯಿಬಿಟ್ಟು ಬಿಟ್ಟೆ ಅನ್ನಬೇಕು, ಇಲ್ಲದಿದ್ದರೆ ಹೋಗುವ ಹಾಗಿಲ್ಲ ಅಂದಳು. ಸರಕಾರದ ಕಾಯಿದೆ ಯಾವುದೋ ಇತ್ತು, ಮುತ್ತ್ಯಾ ಅದನ್ನೂ ಹೇಳಿದ. ಅವಳಿಗೆ ಕಾಯಿದೆ ಬೇಕಾಗಿರಲಿಲ್ಲ, ಬಾಯಿಸಾಬಳ ಮಾತು ಬೇಕಾಗಿತ್ತು. ಮುತ್ತ್ಯಾ ಮೂರು ದಿನ ವಾಡೆಯ ಮುಂದೆ ಕೂತ. ಮೂರನೇ ದಿನ ಆ ಹೆಂಗಸು ಹೊರಗೆ ಬಂದು, "ಜಾ ಗ, ಸೋಡ್ಲಂ ತುಲಾ," ಅಂದಳು. ಹೋಗು, ಬಿಟ್ಟೆ ನಿನ್ನ. ಆಗ ಎದ್ದು ಬಂದಳು.

"ಇಷ್ಟ್ ವರ್ಷ ನಮಗ್ಯಾಕ ಹೇಳ್ಲಿಲ್ಲ?" ಅಂತ ಕೇಳಿದೆ.

"ಏನಂತ ಹೇಳ್ಲಿ? ನಿಮ್ಮ ಆಯಿ ಹಂಡೆದ ಜೋಡಿ ಬಂದಿದ್ಲು ಅಂತ ಹೇಳ್ಲೇನು?" ಅಪ್ಪನ ದನಿ ಒಡೆಯಿತು. "ನೀನೂ ಛಲೋ ಮಾತಾಡಿದಿ ಬಿಡು ನಿನ್ನಿ. ಆಂದಣದಾಗ ಕೊಟ್ಟೀವಿ ಅಂದಿ."

ಫೋನ್ ಇಟ್ಟ.

ಆ ರಾತ್ರಿ ಆಯಿ ಹೊರಗಿನ ಕಲ್ಲಿನ ಮೇಲೆ ಮಲಗಿದಳು, ನಾನು ಟೆಂಪೋದಲ್ಲಿ. ಬೆಳಿಗ್ಗೆ ನಾನು ಎದ್ದಾಗ ಅವಳು ಆಗಲೇ ಅಂಗಳ ಗುಡಿಸಿ ಮುಗಿಸಿದ್ದಳು. ಆಚೆ ಈಚೆ ಮನೆಯವರ ಅಂಗಳವನ್ನೂ ಗುಡಿಸಿದ್ದಳು.

ತಂಗಿಯನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಎಲ್ಲ ಹೇಳಿದೆ. ಬೀಗತಿ ಒಳಗೆ ಹಿಟ್ಟು ನಾದುತ್ತಿದ್ದಳು, ಕೇಳಿಸಿಕೊಳ್ಳಲಿ ಅಂತಲೇ ದನಿ ತಗ್ಗಿಸಲಿಲ್ಲ. ಮುಚ್ಚಿಟ್ಟು ಏನು ಸಿಕ್ಕಿತು?

"ನೀನೇ ಅನ್ನಬೇಕು," ಅಂದೆ ತಂಗಿಗೆ. "ಬಿಟ್ಟೀನಿ ಅಂತ. ನಿನ್ನ ಜೋಡಿ ಬಂದಾಳ ಆಕಿ."

"ನಾ ಅನ್ನಂಗಿಲ್ಲ ದಾದಾ."

"ಯಾಕ?"

"ಬಿಟ್ಟೀನಿ ಅಂದ್ರ ಹಿಡಕೊಂಡಿದ್ದೆ ಅಂದಂಗ ಆಗ್ತದ. ನಮ್ಮ ಆಯಿಗಿ ನಾ ಬಾಯಿಸಾಬ್ ಆಗ್ಲಾ?"

"ಅನ್ನದಿದ್ರ ಇಲ್ಲೇ ಭಾಂಡಿ ತಿಕ್ಕಿ ಸಾಯ್ತಾಳ."

ಬೀಗತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅನ್ನು ನೀ," ಅಂದಳು ಸೊಸೆಗೆ. "ಮುದುಕಿ ನಮ್ಮ ಕಲ್ಲಿನ ಮ್ಯಾಲ ಮಲಗಿದ್ದು ಬಾಜು ಮನಿಯವ್ರು ನೋಡ್ಯಾರ. ನಾಳಿ ನಾನೇ ಆಳ ಇಟ್ಟೀನಿ ಅಂತಾರ. ನಿಮ್ಮಪ್ಪ ಸುಳ್ಳ ಹೇಳಿದ್ದು ಆಮ್ಯಾಲ ನೋಡೋಣ. ಮೊದಲ ಈಕಿನ್ನ ಮನಿಗಿ ಹಚ್ಚು."

"ಕಾಕು, ನೀವ್ ಅನ್ರಿ," ಅಂದೆ ನಾನು.

"ನಾ ಯಾಕ ಅನ್ಲಿ? ನನಗ ಕೊಟ್ಟಾರೇನು?"

ತಂಗಿ ಅಂಗಳಕ್ಕೆ ಇಳಿದಳು. ಆಯಿ ಪೊರಕೆಯ ತುದಿ ಕಟ್ಟುತ್ತಿದ್ದಳು.

"ಆಯಿ," ಅಂದಳು ತಂಗಿ. ತಿರುಗಲಿಲ್ಲ. ಇನ್ನೊಂದು ಸಲ ಅಂದಳು, ಮುಟ್ಟಿ ಅಂದಳು. ಆಯಿ ಮೈ ಕುಗ್ಗಿಸಿಕೊಂಡಳು, ತಿರುಗಲಿಲ್ಲ. ತಂಗಿ ನನ್ನ ಕಡೆ ನೋಡಿದಳು. ನಾನು ಕಣ್ಣು ಬೇರೆ ಕಡೆ ಮಾಡಿದೆ. ಆಮೇಲೆ ತಂಗಿ, ನಾನು ಯಾವತ್ತೂ ಕೇಳಿರದ ಒಂದು ದನಿ ತೆಗೆದಳು.

"ಏ ಹುಡುಗಿ!"

"ಬಂದೆ ಬಾಯಿಸಾಬ್," ಅಂತ ಆಯಿ ಅಷ್ಟು ವಯಸ್ಸಿನಲ್ಲೂ ಚಂಗನೆ ಎದ್ದಳು. ಬಂದು ನಿಂತಳು. ಕೈ ಕಟ್ಟಿ, ತಲೆ ಕೆಳಗೆ ಹಾಕಿ. ಅದು ರಾತ್ರಿ ನಿದ್ದೆಯಲ್ಲಿ ಎದ್ದು ಕೂರುವಾಗಿನ ದನಿಯೇ. ಇಷ್ಟು ವರ್ಷ ಯಾರಿಗೆ ಹೇಳುತ್ತಿದ್ದಳು ಅಂತ ಗೊತ್ತಾಯಿತು.

"ನಿನ್ನ ಬಿಟ್ಟೀನಿ. ಹೋಗು."

ಆಯಿ ತಲೆ ಎತ್ತಲಿಲ್ಲ. "ಖರೆ?"

"ಖರೆ."

"ನಮ್ಮವ್ವನ್ನೂ?"

ತಂಗಿಗೆ ಯೋಚಿಸಲು ಹೊತ್ತು ಇರಲಿಲ್ಲ, ಆದರೂ ಸರಿಯಾಗಿಯೇ ಅಂದಳು.

"ಆಕಿನ್ನೂ ಬಿಟ್ಟೀನಿ. ಕರಕೊಂಡು ಹೋಗು."

ಆಯಿ ಪೊರಕೆಯನ್ನು ಗೋಡೆಗೆ ಆನಿಸಿದಳು. ಕೈ ತೊಳೆದಳು. ತಾನಾಗಿ ನಡೆದು ಬಂದು ಟೆಂಪೋದ ಮುಂದಿನ ಬಾಗಿಲ ಹತ್ತಿರ ನಿಂತಳು. ತಂಗಿ ಒಳಗೆ ಓಡಿದವಳು ನಾವು ಹೊರಡುವಾಗ ಹೊರಗೆ ಬರಲಿಲ್ಲ. ಈಗಲೂ ಫೋನಿನಲ್ಲಿ, "ನನಗ ಆ ದನಿ ಎಲ್ಲಿಂದ ಬಂತು ದಾದಾ?" ಅಂತ ಕೇಳುತ್ತಾಳೆ. ನನಗೇನು ಗೊತ್ತು?

ಊರು ದಾಟುವ ಮುಂಚೆ ಆಯಿ, "ವೇರೂಳ್ ಮ್ಯಾಲ ಹೋಗು," ಅಂದಳು. ಸುತ್ತು ಆಗುತ್ತದೆ, ಘಾಟ್ ಬೇರೆ. ನಾನು ವಾದ ಮಾಡಲಿಲ್ಲ. ವೇರೂಳಿನಲ್ಲಿ ಅವತ್ತು ಗುಹೆ ನೋಡುವವರ ಬಸ್ಸು, ದೇವಸ್ಥಾನಕ್ಕೆ ಬಂದವರ ಗಾಡಿ, ಟೋಪಿ ಮಾರುವವರು, ನಿಲ್ಲಿಸಲು ಜಾಗ ಇಲ್ಲ. ವಾಡೆ ಎಲ್ಲಿತ್ತು ಅಂತ ಅವಳಿಗೂ ತಿಳಿದ ಹಾಗೆ ಕಾಣಲಿಲ್ಲ. ಊರು ಮುಗಿದು ರಸ್ತೆ ತಿರುಗುವ ಕಡೆ, ಒಂದು ಕಬ್ಬಿನ ಹಾಲಿನ ಅಂಗಡಿಯ ಮುಂದೆ, "ಇಲ್ಲೇ," ಅಂದಳು.

ನಿಲ್ಲಿಸಿದೆ. ತಾನು ನನ್ನ ಕಡೆ ಸರಿದು ಬಾಗಿಲ ಬದಿಯ ಜಾಗ ಖಾಲಿ ಮಾಡಿದಳು. "ಬಾಗಲಾ ತೆರಿ."

ಸುತ್ತು ಹಾಕಿ ಹೋಗಿ ಬಾಗಿಲು ತೆಗೆದೆ. ಬಿಸಿಲು. ನಾವು ಕಾದೆವು. ಕಬ್ಬಿನ ಹಾಲಿನವನು ಗಾಣ ನಿಲ್ಲಿಸಿ ನೋಡಿದ.

"ಕಿಸ್ಕಾ ವೇಟ್ ಕರ್ ರಹೇ ಹೋ ಭಾಯ್?" ಅಂದ. ಯಾರಿಗೆ ಕಾಯುತ್ತಿದ್ದೀರಿ ಅಂತ.

"ದಾದಿ ಕಿ ಮಾ," ಅಂದೆ. ಅಜ್ಜಿಯ ತಾಯಿ.

ಅವನು ಆಯಿಯ ಸುಕ್ಕು ಮುಖ ನೋಡಿದ, ಅವಳ ತಾಯಿಗೆ ಎಷ್ಟಿರಬಹುದು ಅಂತ ಯೋಚಿಸಿದ, ಮತ್ತೆ ಏನೂ ಕೇಳದೆ ಗಾಣ ಚಾಲೂ ಮಾಡಿದ. ಎಷ್ಟು ಹೊತ್ತು ನಿಂತೆವೋ. ಆಯಿ ರಸ್ತೆಯ ಕಡೆ ನೋಡುತ್ತಿದ್ದಳು, ಅವಳ ಮುಖದಲ್ಲಿ ಹುಚ್ಚು ಏನೂ ಇರಲಿಲ್ಲ. ಬಸ್ಸು ತಡವಾದರೆ ಕಾಯುವವರ ಮುಖ. ಆಮೇಲೆ ಇನ್ನಷ್ಟು ನನ್ನ ಕಡೆ ಸರಿದಳು, ಗೇರು ಹಾಕಲು ನನ್ನ ಕೈಗೆ ಜಾಗ ಸಾಲದ ಹಾಗೆ.

"ಬಾಗಲಾ ಹಾಕು. ಸಾವಕಾಶ, ಸೀರಿ ಸಿಗತದ."

ನಾನು ಸಾವಕಾಶ ಹಾಕಿದೆ. ನಂಬಿದೆನೋ ಇಲ್ಲವೋ ಕೇಳಬೇಡಿ. ಅಲ್ಲಿಂದ ನಾಸಿಕದವರೆಗೆ ಆ ಕಡೆಯ ಕಿಟಕಿಯ ಗಾಳಿ ತಣ್ಣಗಿತ್ತು, ನಾನು ಒಂದು ಸಲವೂ ಆ ಸೀಟಿನ ಕಡೆ ನೋಡಲಿಲ್ಲ, ಬೀಡಿ ಹಚ್ಚಲಿಲ್ಲ. ಆಯಿ ದಾರಿಯುದ್ದಕ್ಕೂ ಮೆಲ್ಲಗೆ ಮಾತಾಡುತ್ತಿದ್ದಳು. ನನ್ನ ಜೊತೆ ಅಲ್ಲ. ಇದು ನಿಫಾಡ್, ಇಲ್ಲೇ ಇದ್ದೆ ನಾ, ಹೆದರಬ್ಯಾಡ ಈಗ ಯಾರೂ ಕೇಳಂಗಿಲ್ಲ, ಇವ ನನ್ನ ಮಮ್ಮಗ, ಗಾಡಿ ಜೋರ್ ಹೊಡೀತಾನ.

ಗಲ್ಲಿ ಮುಟ್ಟಿದಾಗ ಇನ್ನೂ ಬೆಳಕಿತ್ತು. ಎಲ್ಲ ಮನೆಯವರೂ ಹೊರಗೆ ಕೂತಿದ್ದರು. ಎದುರು ಮನೆಯ ಮೌಶಿ ಬಟಾಣಿ ಸುಲಿಯುತ್ತಿದ್ದಳು. ಅಪ್ಪ ಬಾಗಿಲಲ್ಲೇ ನಿಂತಿದ್ದ. ಬಂದು ಟೆಂಪೋದ ಬಾಗಿಲು ತೆಗೆದ.

"ಇಳಿ ಅವ್ವಾ."

ಆಯಿ ಅಲ್ಲಾಡಲಿಲ್ಲ. "ಮೊದಲ ಆಕಿ ಇಳೀಲಿ. ದಣದಾಳ."

ಅಪ್ಪ ಖಾಲಿ ಸೀಟು ನೋಡಿದ, ನನ್ನನ್ನು ನೋಡಿದ.

"ಆಕಿ ಅವ್ವ," ಅಂದೆ ಮೆಲ್ಲಗೆ. "ವೇರೂಳ್‌ದಾಗ ಹತ್ಯಾಳ."

ಅಪ್ಪ ಹಾಗೇ ನಿಂತ. ಅವನ ಹಿಂದೆ ಇಡೀ ಗಲ್ಲಿ. ಅದೇ ಗಲ್ಲಿಯ ಮುಂದೆ ನಲವತ್ತು ವರ್ಷ ಬಾಯಿ ಮುಚ್ಚಿಕೊಂಡು ಬದುಕಿದವನು. ಈಗ ಇವನು ಅವಳನ್ನು ಎಳೆದು ಇಳಿಸಿದರೆ ಮುಗಿಯಿತು ಅಂದುಕೊಂಡೆ.

"ಕೋಣ ಆಲಂಯ ರೇ?" ಅಂತ ಮೌಶಿ ಕುಳಿತಲ್ಲಿಂದಲೇ ಕೂಗಿದಳು. ಯಾರು ಬಂದಿದ್ದಾರೋ ಅಂತ.

ಅಪ್ಪ ಅವಳ ಕಡೆ ತಿರುಗಲಿಲ್ಲ. ಗಂಟಲು ಸರಿಮಾಡಿಕೊಂಡು, ಗಲ್ಲಿಯ ಕೊನೆಯವರೆಗೆ ಕೇಳುವ ಹಾಗೆ ಅಂದ:

"ಮಾಝೀ ಆಜೀ." ನನ್ನ ಅಜ್ಜಿ.

ಆಮೇಲೆ ಖಾಲಿ ಸೀಟಿಗೆ ಕೈ ಚಾಚಿದ. "ಇಳೀರಿ," ಅಂದ. "ಮೆಟ್ಟಲಾ ಎತ್ತರ ಅದ, ಸಾವಕಾಶ ಇಳೀರಿ." ಕೈ ಚಾಚಿಯೇ ನಿಂತ. ಮೌಶಿಯ ಕೈಯಲ್ಲಿ ಬಟಾಣಿ ನಿಂತಿತ್ತು. ಹಿಂದೆ ರಿಕ್ಷಾದವನೊಬ್ಬ ದಾರಿ ಬಿಡು ಅಂತ ಹಾರ್ನ್ ಹೊಡೆಯುತ್ತಿದ್ದ. ನಾನು ಕೈ ಹೊರಗೆ ಹಾಕಿ, ನಿಲ್ಲು, ಇಳಿಯುತ್ತಿದ್ದಾರೆ, ಅಂತ ಸನ್ನೆ ಮಾಡಿದೆ.